ಮರದ ಕುಡಿಯ ಕಷಾಯ: ಕೊಯ್ಯುವುದು, ಒಣಗಿಸುವುದು, ಕುದಿಸುವುದು

ಶಿವರಾತ್ರಿ ಕಳೆದು ಯುಗಾದಿ ಹತ್ತಿರವಾಗುತ್ತಿದ್ದಂತೆ ಮಲೆನಾಡು, ಕರಾವಳಿಯ ಮರಗಳು ಮಳೆಗೆ ಕಾಯದೆ ಚಿಗುರೊಡೆಯುತ್ತವೆ. ಮಾವು, ನೇರಳೆ, ಗೇರು ತಾಮ್ರದ ಬಣ್ಣಕ್ಕೆ ತಿರುಗುತ್ತವೆ. ದಾಲ್ಚಿನ್ನಿ ಕೆಂಪೇರುತ್ತದೆ. ಎಲೆಯುದುರಿದ್ದ ಹುಣಸೆ ಮತ್ತೆ ತಿಳಿಹಸಿರಾಗುತ್ತದೆ. ಈ ಕುಡಿಗಳನ್ನು ತುಪ್ಪದಲ್ಲಿ ಬಾಡಿಸಿ, ಕಾಯಿತುರಿ ಜತೆ ಅರೆದು, ಮಜ್ಜಿಗೆ ಬೆರೆಸಿ ತಂಬುಳಿ ಮಾಡುವುದು ಇಲ್ಲಿನ ಮನೆಗಳಲ್ಲಿ ರೂಢಿ. ಕಷಾಯದ ವಿಷಯಕ್ಕೆ ಬಂದಾಗ ಮಾತ್ರ ಹದ ತಪ್ಪುತ್ತದೆ. ಸಿಕ್ಕ ಕುಡಿಯನ್ನೆಲ್ಲ ಒಂದೇ ಪಾತ್ರೆಗೆ ಹಾಕಿ ಕಾಲು ಗಂಟೆ ಕೊತಕೊತ ಕುದಿಸುತ್ತಾರೆ. ನಾಲಿಗೆ ಹಿಡಿಯುವಷ್ಟು ಒಗರು ಬಿಟ್ಟ ಮೇಲೆ ಅದನ್ನು ಮುಚ್ಚಲು ಬೆಲ್ಲ ಸುರಿಯುತ್ತಾರೆ.

ಎಲ್ಲ ಮರದ ಕುಡಿಗೂ ಒಂದೇ ಶಾಖ ಒಗ್ಗುವುದಿಲ್ಲ. ಸೀಬೆ ಕುದಿಯಬೇಕು, ದಾಲ್ಚಿನ್ನಿ ಕುದಿಯಬಾರದು, ಹುಣಸೆ ಚಿಗುರಿಗೆ ಬಿಸಿನೀರು ಹೊಯ್ದರೆ ಸಾಕು. ಕಷಾಯ ಕೆಡುವುದು ಬಹುಮಟ್ಟಿಗೆ ಇಲ್ಲೇ. ಇನ್ನೊಂದು ಕಾರಣ ಬಲಿತ ಎಲೆ.

ಯಾವ ಮರ, ಯಾಕೆ

ಹೊಸಬರು ಸೀಬೆಯಿಂದ ಶುರುಮಾಡಿ. ಪೇರಲೆ, ಪೇರಳೆ, ಚೇಪೆ ಎಂದು ಒಂದೊಂದು ಕಡೆ ಒಂದೊಂದು ಹೆಸರು. ಹಿತ್ತಿಲಲ್ಲೇ ಇರುವ ಮರವಾದ್ದರಿಂದ ಗುರುತು ತಪ್ಪುವ ಭಯವಿಲ್ಲ, ಒಗರೂ ಹಿತವಾಗಿರುತ್ತದೆ. ನೇರಳೆ ಕುಡಿ ಇದಕ್ಕಿಂತ ಒಗರು. ಅದೊಂದನ್ನೇ ಕುದಿಸುವುದಕ್ಕಿಂತ ಮೂರು ಪಾಲು ಸೀಬೆಗೆ ಒಂದು ಪಾಲು ನೇರಳೆ ಸೇರಿಸಿದರೆ ರುಚಿಗೂ ಬಣ್ಣಕ್ಕೂ ಚೆನ್ನ. ಮಾವಿನ ಕುಡಿಯಲ್ಲಿ ಹಸಿ ಮಾವಿನಕಾಯಿಯ ಪರಿಮಳದ ಎಳೆಯೊಂದಿರುತ್ತದೆ. ದಾಲ್ಚಿನ್ನಿ ಬೇಕಾಗುವುದು ಘಮಕ್ಕೆ, ಹುಣಸೆ ಚಿಗುರು ಹುಳಿಗೆ. ದಾಳಿಂಬೆ ಕುಡಿಯನ್ನು ಸೀಬೆಯಂತೆಯೇ ಮಾಡಬಹುದು, ಆದರೆ ಅರ್ಧ ಪ್ರಮಾಣ ಸಾಕು.

ಗೇರು ಕುಡಿಯನ್ನು ತಂಬುಳಿಗೇ ಬಿಡಿ. ಬೇವಿನ ಚಿಗುರು ಯುಗಾದಿಯ ಬೇವುಬೆಲ್ಲಕ್ಕೆ ಸರಿ. ಅದರ ಕಷಾಯವನ್ನು ಚಹಾದ ಬದಲಿಗೆ ಕುಡಿಯುವಂಥದ್ದೆಂದು ನಾವು ಹೇಳುವುದಿಲ್ಲ.

ಗುರುತು: ಇಲ್ಲಿ ಅವಸರ ಬೇಡ

ಎಳೆಗುಡಿ ನೋಡಿ ಮರವನ್ನು ಗುರುತಿಸಲು ಹೋಗಬೇಡಿ. ಎಳೆಯದಿದ್ದಾಗ ಎಷ್ಟೋ ಮರಗಳ ಎಲೆ ಒಂದೇ ಥರ ಕೆಂಪಗೆ, ನುಣ್ಣಗೆ, ಜೋತುಬಿದ್ದಂತೆ ಇರುತ್ತದೆ. ಮೊದಲು ಬಲಿತ ಎಲೆ, ತೊಗಟೆ, ಬುಡದಲ್ಲಿ ಬಿದ್ದ ಹಳೆಯ ಕಾಯಿ, ಬೀಜ ನೋಡಿ ಮರ ಇಂಥದ್ದೇ ಎಂದು ಖಚಿತಮಾಡಿಕೊಳ್ಳಿ. ಕುಡಿಗೆ ಕೈಹಾಕುವುದು ಆಮೇಲೆ. ಗೊತ್ತಿಲ್ಲದ ಎಲೆಯನ್ನು ಬಾಯಿಗೆ ಹಾಕಿ ಪರೀಕ್ಷಿಸುವ ಅಭ್ಯಾಸವಂತೂ ಬೇಡವೇ ಬೇಡ.

ಎರಡು ಮರಗಳ ಬಗ್ಗೆ ವಿಶೇಷ ಎಚ್ಚರ ಇರಲಿ.

ಒಂದು ಕಾಸರಕ. ಕರಾವಳಿಯ ಜಂಬಿಟ್ಟಿಗೆ ನೆಲದಲ್ಲೂ ಒಣಗಾಡಿನಲ್ಲೂ ಬೆಳೆಯುತ್ತದೆ. ಬೀಜ, ತೊಗಟೆ, ಎಲೆ ಎಲ್ಲವೂ ವಿಷ. ಸ್ಟ್ರಿಕ್ನಿನ್ ಸಿಗುವುದು ಇದರಿಂದಲೇ. ಮೋಸ ಹೋಗುವುದು ಎಲೆಯಲ್ಲಿ. ದಾಲ್ಚಿನ್ನಿ ಎಲೆಯ ಬುಡದಿಂದ ತುದಿಯ ಕಡೆಗೆ ಮೂರು ನರಗಳು ಎದ್ದುಕಾಣುತ್ತವೆ, ಎಲೆ ಹೊಳೆಯುತ್ತದೆ, ಎದುರುಬದುರಾಗಿ ಇರುತ್ತದೆ. ಕಾಸರಕದ ಎಲೆಯೂ ಹೊಳಪಿನದು, ಎದುರುಬದುರು, ಬುಡದಿಂದ ಮೂರರಿಂದ ಐದು ನರ. ವ್ಯತ್ಯಾಸ ತಿಳಿಯುವುದು ವಾಸನೆಯಿಂದ: ದಾಲ್ಚಿನ್ನಿ ಎಲೆಯನ್ನು ಹಿಸುಕಿದರೆ ಲವಂಗ ಬೆರೆತಂಥ ಘಮ ತಕ್ಷಣ ಬರುತ್ತದೆ, ಕಾಸರಕದಲ್ಲಿ ಆ ಘಮ ಇಲ್ಲ. ಹಿಸುಕಿದ ಕೈಯನ್ನು ತೊಳೆದುಕೊಳ್ಳಿ. ಮರದಲ್ಲಿ ಕಿತ್ತಳೆ ಬಣ್ಣದ ದುಂಡು ಹಣ್ಣು, ಬುಡದಲ್ಲಿ ಗುಂಡಿಯಂಥ ಚಪ್ಪಟೆ ಬೀಜ ಕಂಡರೆ ಅನುಮಾನವೇ ಬೇಡ, ಅದು ಕಾಸರಕ.

ಇನ್ನೊಂದು ಹೊಳಗೇರು, ಚೇರೆ ಮರ ಎಂದೂ ಕರೆಯುತ್ತಾರೆ. ಮಾವು, ಗೇರಿನ ಕುಟುಂಬದ್ದೇ. ಕಡ್ಡಿ ಮುರಿದರೆ ಬರುವ ಸೊನೆ ಗಾಳಿಗೆ ಕಪ್ಪಾಗುತ್ತದೆ, ಮೈಗೆ ತಗುಲಿದರೆ ಮರುದಿನದ ಹೊತ್ತಿಗೆ ಉರಿ, ಬಾವು, ಬೊಕ್ಕೆ. ತಾಗಿದೆ ಎಂದು ಗೊತ್ತಾದ ಕೂಡಲೇ ಸೋಪು ಹಚ್ಚಿ ಹರಿಯುವ ನೀರಿನಲ್ಲಿ ತೊಳೆಯಿರಿ, ಉಜ್ಜಬೇಡಿ. ಬಟ್ಟೆ, ಕತ್ತಿಯ ಹಿಡಿಯನ್ನೂ ತೊಳೆಯಬೇಕು. ಅವುಗಳಿಗೆ ಅಂಟಿದ ಸೊನೆ ಮತ್ತೆ ಮೈಗೆ ಹತ್ತುತ್ತದೆ. ಆ ಕಡ್ಡಿಗಳನ್ನು ಒಲೆಗೆ ಹಾಕಲೂಬೇಡಿ, ಹೊಗೆಯೂ ತೊಂದರೆ ಕೊಡುತ್ತದೆ. ಚೇರೆಯ ಸೊನೆಗೆ ಒಮ್ಮೆ ಬೊಕ್ಕೆಯೆದ್ದವರು, ಗೇರುಬೀಜದ ಸಿಪ್ಪೆಯ ಎಣ್ಣೆಗೆ ಅಲರ್ಜಿ ಇರುವವರು ಮಾವಿನ ಕುಡಿಯನ್ನೂ ಬಿಟ್ಟುಬಿಡುವುದು ಕ್ಷೇಮ.

ಜಾಗದ ಮಾತು. ಕುದುರೆಮುಖ, ನಾಗರಹೊಳೆಯಂಥ ರಾಷ್ಟ್ರೀಯ ಉದ್ಯಾನಗಳಲ್ಲಿ, ಅಭಯಾರಣ್ಯಗಳಲ್ಲಿ 1972ರ ವನ್ಯಜೀವಿ ಕಾಯ್ದೆ ಅನ್ವಯಿಸುತ್ತದೆ. ಅಲ್ಲಿ ಕುಡಿ ಚಿವುಟುವುದೂ ಅಪರಾಧ. ಮೀಸಲು ಅರಣ್ಯಕ್ಕೂ ಅನುಮತಿ ಬೇಕು. ಸೊಪ್ಪಿನ ಬೆಟ್ಟ, ಕುಮ್ಕಿ, ಬಾಣೆಯಂಥ, ಸಾಗುವಳಿದಾರರಿಗೆ ಸೊಪ್ಪು, ಸೌದೆಯ ಹಕ್ಕಿರುವ ಜಾಗಗಳಲ್ಲಿ ಆ ಹಕ್ಕುದಾರರನ್ನು ಕೇಳಿ ಕೊಯ್ಯಿರಿ. ಹಿತ್ತಿಲು, ತೋಟದ ಬೇಲಿ ಇದ್ದರೆ ಈ ತಲೆನೋವೇ ಇಲ್ಲ.

ಕೊಯ್ಯುವುದು

ಬೆಳಿಗ್ಗೆ ಇಬ್ಬನಿ ಆರಿದ ಮೇಲೆ, ಬಿಸಿಲು ಏರುವ ಮುಂಚೆ. ಇಬ್ಬನಿ ಇರುವಾಗಲೇ ಕೊಯ್ದು ಚೀಲಕ್ಕೆ ತುಂಬಿದರೆ ಮನೆ ಸೇರುವಷ್ಟರಲ್ಲಿ ಬಿಸಿಯೇರಿ ಕಪ್ಪಾಗುತ್ತದೆ. ಪ್ಲಾಸ್ಟಿಕ್ ಚೀಲ ಬೇಡ, ಬುಟ್ಟಿ ಅಥವಾ ಬಟ್ಟೆಚೀಲ ಸಾಕು.

ತುದಿಯ ಮೊಗ್ಗು ಮತ್ತು ಅದರ ಕೆಳಗಿನ ಎರಡು ಎಲೆ, ಹೆಚ್ಚೆಂದರೆ ಮೂರು. ಎಳೆಸೋ ಬಲಿತದ್ದೋ ಎಂದು ತಿಳಿಯಲು ಉಗುರಿನಿಂದ ಚಿವುಟಿ ನೋಡಿ: ಪಟ್ಟನೆ ಮುರಿದರೆ ಸರಿ, ನಾರು ಎಳೆದುಕೊಂಡು ಬಂದರೆ ಹದ ಮೀರಿದೆ. ಬಲಿತ ಎಲೆ ಹಾಕಿದ ಕಷಾಯದಲ್ಲಿ ಕಹಿ ಮುಂದಾಗಿ, ಗಂಟಲಲ್ಲಿ ಒರಟು ಉಳಿಯುತ್ತದೆ.

ಮರದ ಫಸಲಿನ ಲೆಕ್ಕವೂ ಇರಬೇಕು. ಸೀಬೆ ಹೂ ಬಿಡುವುದು ಹೊಸ ಚಿಗುರಿನಲ್ಲೇ, ಎಲೆಯ ಕಂಕುಳಲ್ಲಿ. ಬೇಸಗೆಯ ಕುಡಿಯನ್ನೆಲ್ಲ ಚಿವುಟಿದರೆ ಮಳೆಗಾಲದ ಹಣ್ಣಿಗೆ ಕೈಕೊಟ್ಟಂತೆ. ಮಾವಿನಲ್ಲಿ ಈಗಿನ ಚಿಗುರು ಬಲಿತು ಮುಂದಿನ ಹೂವಿಗೆ ತಯಾರಾಗುವ ಕಡ್ಡಿ. ಹಾಗಾಗಿ ಕೊಯ್ಯಬೇಕಾದದ್ದು ಬುಡದಿಂದ, ದಪ್ಪ ಕೊಂಬೆಗಳ ಮೇಲಿಂದ ನೆಟ್ಟಗೆ ಎದ್ದ ಚಿಗುರುಗಳನ್ನು, ಅಂದರೆ ಕಾಫಿ ತೋಟದವರು ಕಂಬಚಿಗುರು ಎನ್ನುವಂಥವನ್ನು. ಅವನ್ನು ಹೇಗೂ ತೆಗೆದುಹಾಕಬೇಕು. ಉಳಿದ ಕಡೆ ಐದು ಕುಡಿಗೆ ಒಂದರಂತೆ ತೆಗೆದರೆ ಮರಕ್ಕೆ ಹೊರೆಯಾಗುವುದಿಲ್ಲ. ಎಳೆ ಗಿಡದ ನಡುತುದಿಯನ್ನು ಮುಟ್ಟಬೇಡಿ.

ಮದ್ದು ಹೊಡೆದ ಮರ ಬೇಡ. ಮಾವಿಗೆ ಜಿಗಿಹುಳುವಿನ ಕಾಟಕ್ಕೆಂದು ಹೂವಿನ ಕಾಲದಲ್ಲೇ, ಗೇರಿಗೆ ಟೀ ಸೊಳ್ಳೆ ಎಂಬ ರಸ ಹೀರುವ ಕೀಟದ ಕಾಟಕ್ಕೆಂದು ಚಿಗುರಿನ ಕಾಲದಲ್ಲೇ ಕೀಟನಾಶಕ ಹೊಡೆಯುತ್ತಾರೆ, ಅಂದರೆ ನೀವು ಕೊಯ್ಯಲು ಹೊರಟ ದಿನಗಳಲ್ಲೇ. ಪಕ್ಕದ ತೋಟದವರನ್ನೂ ಕೇಳಿ. ಹೆದ್ದಾರಿ ಬದಿಯ ಹುಣಸೆಮರ ಎಷ್ಟೇ ಸೊಗಸಾಗಿ ಚಿಗುರಿರಲಿ, ಅದರ ಮೇಲಿರುವುದು ಧೂಳು ಮತ್ತು ಹೊಗೆ.

ತೊಳೆದು ಬಾಡಿಸುವುದು

ಅಗಲ ಬೋಗುಣಿಯಲ್ಲಿ ನೀರು ತುಂಬಿ ಕುಡಿಗಳನ್ನು ಮುಳುಗಿಸಿ, ಅಲ್ಲಾಡಿಸಿ, ಮೇಲಿಂದ ಎತ್ತಿಕೊಳ್ಳಿ. ಬಸಿಯಬೇಡಿ; ಬಸಿದರೆ ತಳದ ಮಣ್ಣು ಮತ್ತೆ ಎಲೆಗೆ ಕೂರುತ್ತದೆ. ಎರಡು ಬಾರಿ ಹೀಗೆ ಮಾಡಿದರೆ ಸಾಕು. ಮಾವಿನ ಕುಡಿಗೆ ಇನ್ನೊಂದು ಕೆಲಸವಿದೆ: ಮುರಿದ ತೊಟ್ಟು ಕೆಳಗಾಗುವಂತೆ ಅರ್ಧ ಗಂಟೆ ನೀರಿನಲ್ಲಿ ನಿಲ್ಲಿಸಿ, ಸೊನೆ ಇಳಿದ ಮೇಲೆ ಆ ನೀರು ಚೆಲ್ಲಿ ಮತ್ತೊಮ್ಮೆ ತೊಳೆಯಿರಿ.

ಹಸಿಯಾಗಿಯೇ ಬಳಸುವುದಾದರೆ ಇಷ್ಟೇ. ಮಳೆಗಾಲಕ್ಕೆ ಇಡುವುದಾದರೆ ಒಣಗಿಸಬೇಕು, ಅದಕ್ಕೆ ಮುಂಚೆ ಆವಿ ಹಾಯಿಸಬೇಕು. ಹಲವರು ಬಿಡುವುದು ಈ ಆವಿಯನ್ನೇ. ಕೊಯ್ದ ಎಲೆಯೊಳಗಿನ ಕಿಣ್ವ ಸತ್ತಿರುವುದಿಲ್ಲ. ಅದು ಒಗರಿನ ಅಂಶದ ಜತೆ ಸೇರಿ ಎಲೆಯನ್ನು ಕಂದಾಗಿಸುತ್ತ ಹೋಗುತ್ತದೆ. ಇಡ್ಲಿ ಪಾತ್ರೆಯಲ್ಲಿ ನೀರು ಚೆನ್ನಾಗಿ ಕುದಿ ಬಂದ ಮೇಲೆ ಕುಡಿಗಳನ್ನು ತೆಳ್ಳಗೆ ಹರಡಿ ಒಂದು ನಿಮಿಷ ಮುಚ್ಚಿಡಿ, ತೆಗೆದ ತಕ್ಷಣ ಬಟ್ಟೆಯ ಮೇಲೆ ಹರಡಿ ಆರಿಸಿ. ಎರಡು ನಿಮಿಷ ಮೀರಿದರೆ ಎಲೆ ಬೆಂದು ಸೊಪ್ಪಿನ ಪಲ್ಯದ ವಾಸನೆ ಬರುತ್ತದೆ. ದಾಲ್ಚಿನ್ನಿಗೆ ಆವಿ ಬೇಡ, ಘಮ ಹೋಗುತ್ತದೆ. ಹುಣಸೆ ಚಿಗುರನ್ನು ಒಣಗಿಸಿ ಇಟ್ಟುಕೊಳ್ಳಬಹುದಾದರೂ ಹಸಿಯ ರುಚಿ ಅದರಲ್ಲಿ ಉಳಿಯುವುದಿಲ್ಲ.

ಒಣಗಿಸುವುದು ನೆರಳಿನಲ್ಲಿ, ಗಾಳಿಯಾಡುವ ಕಡೆ, ಎಲೆಯ ಮೇಲೆ ಎಲೆ ಬೀಳದಂತೆ. ಮೊರ ಅಥವಾ ಹೆಣೆದ ತಟ್ಟೆ ಒಳ್ಳೆಯದು, ಅಡಿಯಿಂದಲೂ ಗಾಳಿ ಹಾಯುತ್ತದೆ. ಮೂರರಿಂದ ಐದು ದಿನ. ಕರಾವಳಿಯ ರಾತ್ರಿಗಾಳಿಯಲ್ಲಿ ತೇವ ಹೆಚ್ಚು, ಹಗಲು ಒಣಗಿದ್ದು ರಾತ್ರಿ ಮತ್ತೆ ಮೆತ್ತಗಾಗುತ್ತದೆ. ಸಂಜೆ ಒಳಗೆ ತಂದು ಬಟ್ಟೆ ಮುಚ್ಚಿ. ಡ್ರೈಯರ್ ಇದ್ದರೆ 45ರಿಂದ 50 ಡಿಗ್ರಿ ಸೆಲ್ಸಿಯಸ್‌ಗೆ ಇಡಿ. ಒಣಗಿದೆಯೇ ಎಂದು ಎಲೆಯಲ್ಲಿ ನೋಡಬೇಡಿ, ಅದು ಬೇಗ ಗರಿಯಾಗುತ್ತದೆ. ತೊಟ್ಟು ಬಗ್ಗಿಸಿ ನೋಡಿ. ಬಾಗಿದರೆ ಇನ್ನೂ ತೇವ, ಕಟ್ಟೆಂದು ಮುರಿದರೆ ಡಬ್ಬಿಗೆ ತುಂಬಬಹುದು. ಒಂದು ಕಿಲೋ ಹಸಿ ಕುಡಿಗೆ ಕಾಲು ಕಿಲೋದಷ್ಟು, ಇಲ್ಲವೇ ಅದಕ್ಕೂ ಕಡಿಮೆ ಸಿಗುತ್ತದೆ.

ಗಾಜಿನ ಭರಣಿಯಲ್ಲಿ ತುಂಬಿ ಒಂದು ವಾರ ಗಮನಿಸಿ. ಒಳಗೋಡೆಯಲ್ಲಿ ಹನಿ ಕಂಡರೆ ಹೊರತೆಗೆದು ಮತ್ತೆ ಒಣಗಿಸಿ. ಬೂದಿಬಣ್ಣದ ಬೂಷ್ಟು ಅಥವಾ ಮುಗ್ಗಲು ವಾಸನೆ ಬಂದಿದ್ದರೆ ಇಡೀ ಭರಣಿಯನ್ನು ಗೊಬ್ಬರದ ಗುಂಡಿಗೆ ಹಾಕಿ. ಬೂಷ್ಟಿನ ವಿಷ ಕುದಿಸಿದರೆ ಹೋಗುತ್ತದೆಂಬ ಭರವಸೆ ಇಲ್ಲ.

ಕಷಾಯ

ಸ್ಟೀಲ್, ಮಣ್ಣು ಅಥವಾ ಗಾಜಿನ ಪಾತ್ರೆ. ಕಬ್ಬಿಣದ ಬಾಣಲೆಯಲ್ಲಿ ಕುದಿಸಿದರೆ ಕುಡಿಯ ಒಗರು ಕಬ್ಬಿಣದ ಜತೆ ಸೇರಿ ಶಾಯಿಯಂತೆ ಕಪ್ಪಾಗುತ್ತದೆ. ಹುಣಸೆಯ ಹುಳಿಗೆ ತಾಮ್ರ, ಅಲ್ಯುಮಿನಿಯಂ ಎರಡೂ ಆಗವು. ಬೋರ್‌ವೆಲ್ಲಿನ ಗಡುಸು ನೀರಿನಲ್ಲಿ ಬಣ್ಣ ಮಂಕಾಗಿ ಮೇಲೆ ಪೊರೆ ಕಟ್ಟುತ್ತದೆ; ಬಾವಿಯ ಮೆದು ನೀರು ಅಥವಾ ಫಿಲ್ಟರ್ ನೀರು ಬಳಸಿ.

ಸೀಬೆ: ಎರಡೂವರೆ ಲೋಟಕ್ಕೆ ಆರೇಳು ಹಸಿ ಕುಡಿ, ತೂಕದಲ್ಲಿ ಸುಮಾರು 10 ಗ್ರಾಂ. ಒಣಗಿದ್ದಾದರೆ ಒಂದು ದೊಡ್ಡ ಚಮಚ, ಎರಡು ಮೂರು ಗ್ರಾಂ. ಕುಡಿಯನ್ನು ಕೈಯಲ್ಲಿ ಹರಿದು ಹಾಕಿ, ಅರೆಯಬೇಡಿ. ಅರೆದರೆ ಕಷಾಯ ಕದಡಿ ಎಷ್ಟು ಸೋಸಿದರೂ ತಿಳಿಯಾಗುವುದಿಲ್ಲ. 600 ಮಿಲಿಲೀಟರ್ ನೀರು ಕುದಿ ಬಂದ ಮೇಲೆ ಕುಡಿ, ಅರ್ಧ ಚಮಚ ಜಜ್ಜಿದ ಜೀರಿಗೆ, ಬೇಕಿದ್ದರೆ ಎರಡು ಕಾಳುಮೆಣಸು. ಸಣ್ಣ ಉರಿಯಲ್ಲಿ ಆರೇಳು ನಿಮಿಷ. ಮೂರು ಲೋಟ ಎರಡೂವರೆಯಾದಾಗ ಇಳಿಸಿ ಮುಚ್ಚಿಡಿ, ಐದು ನಿಮಿಷ ಬಿಟ್ಟು ಸೋಸಿ. ಬಣ್ಣ ತಿಳಿ ಜೇನಿನಂತಿರಬೇಕು. ಕಡುಗಂದು ಬಂದರೆ ಹೆಚ್ಚು ಕುದಿದಿದೆ ಎಂದರ್ಥ. ಆಗ ಬೆಲ್ಲ ಸುರಿಯುವ ಬದಲು ಬಿಸಿನೀರು ಬೆರೆಸಿ ತೆಳುಮಾಡಿ. ನೇರಳೆ ಬೆರೆಸಿದ್ದರೆ ನಾಲ್ಕು ನಿಮಿಷಕ್ಕೇ ಇಳಿಸಿ. ಮಾವಿನ ಕುಡಿಗೂ ಐದು ನಿಮಿಷ ದಾಟಬೇಡಿ.

ದಾಲ್ಚಿನ್ನಿ: ಪೂರ್ತಿ ಕೆಂಪಗಿರುವಾಗ ಅಲ್ಲ, ಕೆಂಪು ಇಳಿದು ತಿಳಿಹಸಿರಾಗುತ್ತಿರುವ ಎಲೆ ರುಚಿಗೆ ಮೇಲು. ಎರಡು ಲೋಟಕ್ಕೆ ಎರಡು ಎಲೆ ಸಾಕು. ಸಣ್ಣದಾಗಿ ಹರಿದು, ಆಗಷ್ಟೇ ಕುದಿ ನಿಂತ ನೀರಿಗೆ ಹಾಕಿ, ಬಿಗಿಯಾಗಿ ಮುಚ್ಚಿ ಹತ್ತು ನಿಮಿಷ ಬಿಡಿ. ಇದರ ಘಮ ಇರುವುದು ಹಾರಿಹೋಗುವ ಎಣ್ಣೆಯಲ್ಲಿ; ಮುಚ್ಚದೆ ಕುದಿಸಿದರೆ ಅಡುಗೆಮನೆ ಘಮಘಮ, ಲೋಟದಲ್ಲಿ ಏನೂ ಇಲ್ಲ. ಸಾಲದ್ದಕ್ಕೆ ಲೋಳೆಯೂ ಬಿಡುತ್ತದೆ. ಸೀಬೆ ಕಷಾಯಕ್ಕೆ ದಾಲ್ಚಿನ್ನಿ ಸೇರಿಸುವುದಾದರೆ ಒಲೆಯಿಂದ ಇಳಿಸಿದ ಮೇಲೆ ಹಾಕಿ.

ಹುಣಸೆ ಚಿಗುರು: ಸಡಿಲವಾದ ಒಂದು ಹಿಡಿ, ಕಡ್ಡಿ ತೆಗೆದು. ಒಂದು ಚೂರು ಶುಂಠಿ ಜಜ್ಜಿ ಎರಡು ಲೋಟ ನೀರಿನಲ್ಲಿ ಕುದಿಸಿ, ಇಳಿಸಿ, ಎರಡು ನಿಮಿಷ ಬಿಟ್ಟು ಆ ನೀರನ್ನು ಚಿಗುರಿನ ಮೇಲೆ ಹೊಯ್ಯಿರಿ. ಮೂರು ನಿಮಿಷಕ್ಕೆ ಸೋಸಿ. ಹಸಿರು ಬಣ್ಣ ಹೋಗಿ ಕಂದುಹಸಿರಾಗುವುದು ಹುಳಿಯಿಂದ, ಕೆಟ್ಟದ್ದಲ್ಲ. ಚಿಟಿಕೆ ಉಪ್ಪು ಹಾಕಿದರೆ ಬೆಲ್ಲದ ಅಗತ್ಯ ಅರ್ಧಕ್ಕೆ ಇಳಿಯುತ್ತದೆ. ಬೇಸಗೆಯಲ್ಲಿ ಇದನ್ನು ಆರಿಸಿ ಕುಡಿಯುವುದೇ ಚೆಂದ.

ಹಾಲು ಬೇಕೆನ್ನುವವರು ಸೀಬೆ, ದಾಲ್ಚಿನ್ನಿಗೆ ಹಾಕಬಹುದು. ಒಗರು ಹಾಲಿನ ಪ್ರೋಟೀನಿಗೆ ಅಂಟಿಕೊಳ್ಳುವುದರಿಂದ ರುಚಿ ಮೆತ್ತಗಾಗುತ್ತದೆ. ಬೆಲ್ಲ ಹಾಕಿದ ಕಷಾಯಕ್ಕೆ ಒಲೆಯ ಮೇಲೆ ಹಾಲು ಹೊಯ್ದರೆ ಒಡೆಯುತ್ತದೆ. ಇಳಿಸಿದ ಮೇಲೆ ಬಿಸಿ ಹಾಲು ಬೆರೆಸಿ. ಹುಣಸೆಗೆ ಹಾಲಿನ ಸುದ್ದಿಯೇ ಬೇಡ.

ಸಿಹಿಗೆ ಮರದ ರಸ

ಬೆಲ್ಲದ ಬದಲು ತೆಂಗಿನ ಹೊಂಬಾಳೆಯ ರಸವನ್ನೇ ಬತ್ತಿಸಿ ಬಳಸಿದರೆ ಒಗರಿಗೆ ಒಳ್ಳೆಯ ಜೊತೆ. ರಸ ಇಳಿಸುವುದು ಮಾತ್ರ ಹವ್ಯಾಸದ ಕೆಲಸವಲ್ಲ. ಮರ ಹತ್ತಿ ದಿನಕ್ಕೆ ಎರಡು ಬಾರಿ ಹೊಂಬಾಳೆಯ ತುದಿ ಸವರುವ ಕಸುಬುದಾರರ ಕೈಚಳಕ ಅದು, ಜತೆಗೆ ಅಬಕಾರಿ ಇಲಾಖೆಯ ಪರವಾನಗಿ ಬೇಕು. ತೆಂಗು ಬೆಳೆಗಾರರ ಕಂಪನಿಗಳು ಮಾರುವ ನೀರಾ ಕೊಳ್ಳುವುದೇ ದಾರಿ. ಕಾಸರಗೋಡಿನ ಕೇಂದ್ರೀಯ ತೋಟಗಾರಿಕಾ ಬೆಳೆಗಳ ಸಂಶೋಧನಾ ಸಂಸ್ಥೆ ರೂಪಿಸಿದ ವಿಧಾನದಲ್ಲಿ ಹೊಂಬಾಳೆಗೆ ಮಂಜುಗಡ್ಡೆಯ ಪೆಟ್ಟಿಗೆ ಕಟ್ಟಿ ರಸ ಹಿಡಿಯುತ್ತಾರೆ. ಅದಕ್ಕೆ ಕಲ್ಪರಸ ಎಂದು ಹೆಸರು. ಜೇನುಬಣ್ಣ, ತಿಳಿ, ಸುಣ್ಣದ ವಾಸನೆ ಇಲ್ಲ. ಹಳೆಯ ಪದ್ಧತಿಯಲ್ಲಿ ಮಡಕೆಯ ಒಳಗೆ ಸುಣ್ಣ ಬಳಿಯುವುದು ಹುಳಿಯದಿರಲೆಂದು.

ತಣ್ಣಗಿಡದ ರಸ ಕೆಲವೇ ಗಂಟೆಗಳಲ್ಲಿ ಹುಳಿಯತೊಡಗುತ್ತದೆ. ಬೆಳ್ಳಗಾಗಿದೆ, ಗುಳ್ಳೆ ಏಳುತ್ತಿದೆ, ಹುಳಿವಾಸನೆ ಇದೆ ಎಂದರೆ ಅದು ಕಳ್ಳಾಗುವ ದಾರಿಯಲ್ಲಿದೆ, ಬತ್ತಿಸಿದರೂ ಪಾಕ ಸರಿಬರುವುದಿಲ್ಲ. ತಂದ ದಿನವೇ, ಮಂಜುಗಡ್ಡೆಯಲ್ಲಿಟ್ಟು ತಂದು, ಕಾಯಿಸಿ. ತೆರೆದ ಮಡಕೆಯಲ್ಲಿ ಇಳಿಸಿದ ಯಾವ ಮರದ ರಸವನ್ನೂ ಹಸಿಯಾಗಿ ಕುಡಿಯಬೇಡಿ. ಬಾಂಗ್ಲಾದೇಶದಲ್ಲಿ ಬಾವಲಿಗಳು ಬಾಯಿಟ್ಟ ಖರ್ಜೂರದ ಜಾತಿಯ ಮರದ ಹಸಿ ರಸದಿಂದ ನಿಪಾ ಸೋಂಕು ಹರಡಿದ್ದು ದಾಖಲಾಗಿದೆ.

ಒಂದು ಲೀಟರ್ ರಸವನ್ನು ಅಗಲ ಬಾಯಿಯ, ದಪ್ಪ ತಳದ ಪಾತ್ರೆಯಲ್ಲಿ ಹಾಕಿ. ಪಾತ್ರೆ ಅರ್ಧಕ್ಕಿಂತ ಹೆಚ್ಚು ತುಂಬಿರಬಾರದು, ಕುದಿಯುವಾಗ ನೊರೆ ಉಕ್ಕುತ್ತದೆ. ಎರಡು ಹನಿ ತೆಂಗಿನೆಣ್ಣೆ ಬಿಟ್ಟರೆ ನೊರೆ ಕೂರುತ್ತದೆ. ಮೊದಲ ಅರ್ಧ ಬತ್ತುವವರೆಗೆ ದೊಡ್ಡ ಉರಿ, ಆಮೇಲೆ ಸಣ್ಣ ಉರಿ, ಕೈಬಿಡದೆ ತಿರುವಬೇಕು. ರಸದಲ್ಲಿ ಸಕ್ಕರೆಯಂಶ ನೂರಕ್ಕೆ ಹದಿನೈದರ ಆಸುಪಾಸು. ಜೋನಿಬೆಲ್ಲದ ಹದಕ್ಕೆ ಬಂದಾಗ ಮುಕ್ಕಾಲು ಲೋಟ, ಅಂದರೆ 200 ಗ್ರಾಂನಷ್ಟು ಉಳಿಯುತ್ತದೆ. ಇನ್ನೂ ತುಸು ತೆಳ್ಳಗಿದೆ ಎನಿಸುವಾಗಲೇ ಇಳಿಸಿ, ಆರಿದ ಮೇಲೆ ಗಟ್ಟಿಯಾಗುತ್ತದೆ. ಒಂದು ನಿಮಿಷ ಮೈಮರೆತರೆ ತಳಹಿಡಿದು ಕಹಿಯಾಗುತ್ತದೆ, ಆ ಕಹಿಯನ್ನು ಯಾವುದರಿಂದಲೂ ತೆಗೆಯಲಾಗದು. ಒಣ ಬಾಟಲಿಯಲ್ಲಿ ತುಂಬಿ ಫ್ರಿಜ್‌ನಲ್ಲಿಡಿ. ಲೋಟಕ್ಕೆ ಒಂದು ಚಮಚ ಸಾಕು. ಹುಣಸೆ ಚಿಗುರಿಗೆ ಎರಡು ಬೇಕಾದೀತು.

ಯಾರು, ಎಷ್ಟು

ದೊಡ್ಡವರಿಗೆ ದಿನಕ್ಕೆ ಒಂದು ಸಣ್ಣ ಲೋಟ, 150 ಮಿಲಿಲೀಟರ್. ಸೀಬೆ, ನೇರಳೆ ಕಷಾಯವನ್ನು ದಿನವೂ ತಿಂಗಳುಗಟ್ಟಲೆ ಕುಡಿದರೆ ಮಲಬದ್ಧತೆ ಕಾಡಬಹುದು. ಅದೇ ಒಗರಿನ ಗುಣದಿಂದಲೇ ಹೊಟ್ಟೆ ಕೆಟ್ಟಾಗ ಸೀಬೆ ಕುಡಿ ಕೊಡುವ ರೂಢಿ ಇರುವುದು. ಆದರೆ ಮಕ್ಕಳಿಗೆ ಭೇದಿಯಾದರೆ ಮೊದಲು ಓಆರ್‌ಎಸ್. ಜ್ವರ ಇದ್ದರೆ, ಮಲದಲ್ಲಿ ರಕ್ತ ಕಂಡರೆ ಕಷಾಯ ಮಾಡುತ್ತ ಕೂರದೆ ವೈದ್ಯರ ಹತ್ತಿರ ಹೋಗಿ.

ಸಕ್ಕರೆ ಕಾಯಿಲೆಗೆ ಮಾತ್ರೆ ಅಥವಾ ಇನ್ಸುಲಿನ್ ತೆಗೆದುಕೊಳ್ಳುವವರು ಸೀಬೆ, ನೇರಳೆ ಕುಡಿಯ ಕಷಾಯ ಶುರುಮಾಡುವ ಮೊದಲು ವೈದ್ಯರಿಗೆ ತಿಳಿಸಿ, ಸಕ್ಕರೆ ಇನ್ನಷ್ಟು ಇಳಿಯುವ ಸಾಧ್ಯತೆ ಇದೆ. ತೆಂಗಿನ ರಸದ ಪಾಕವೂ ಸಕ್ಕರೆಯೇ, ಅದಕ್ಕೆ ರಿಯಾಯಿತಿ ಇಲ್ಲ. ಬಸುರಿಯರು, ಹಾಲೂಡಿಸುವವರು ಕಾಡಿನ ಕುಡಿಗಳ ಪ್ರಯೋಗಕ್ಕೆ ಇಳಿಯದಿರುವುದು ಒಳ್ಳೆಯದು. ರಕ್ತಹೀನತೆಗೆ ಕಬ್ಬಿಣದ ಮಾತ್ರೆ ನುಂಗುವವರಿಗೆ ಇನ್ನೊಂದು ಸೂಚನೆ: ಪಾತ್ರೆಯಲ್ಲಿ ಕಬ್ಬಿಣವನ್ನು ಹಿಡಿದು ಕಪ್ಪಾಗಿಸುವ ಒಗರೇ ಹೊಟ್ಟೆಯಲ್ಲೂ ಕಬ್ಬಿಣವನ್ನು ಮೈಗೆ ಹತ್ತದಂತೆ ತಡೆಯುತ್ತದೆ. ಮಾತ್ರೆ, ಊಟ ಎರಡರಿಂದಲೂ ಎರಡು ಗಂಟೆ ಅಂತರವಿಟ್ಟು ಕಷಾಯ ಕುಡಿಯಿರಿ.